ಬೋಳು ಹಣೆ

ಅಲ್ಮೆರಾದ ಮೇಲಿಟ್ಟ ರಟ್ಟಿನ ಕೊಳವೆ ತಾನಾಗಿ ಎಲ್ಲಿಗೂ ಹೋಗುವುದಿಲ್ಲ ಎಂದು ಗೊತ್ತಿದ್ದೂ, ಕೊರಗಪ್ಪ ಶೆಟ್ಟಿ ಬೆಳಿಗ್ಗೆ ಕಣ್ಣು ಬಿಟ್ಟವನೇ ಮೊದಲು ನೋಡಿದ್ದು ಅದು ಅಲ್ಲೇ ಇದೆಯೇ ಎಂದು. ಇತ್ತು. ಎಲ್ಲಿಗೆ ಹೋದೀತು, ಕಾಲಿದೆಯೇ ಅದಕ್ಕೆ? ಆದರೆ ಅದರೊಳಗೆ ಸುರುಳಿ ಸುತ್ತಿಕೊಂಡಿದ್ದ ಹುಡುಗಿಗೆ ಕಾಲಿತ್ತು. ಆ ಕಾಲಿಗೆ ಯಾರೋ ಗುಂಡಿ ಹಾಕುವ ಬೂಟು ತೊಡಿಸಿದ್ದರು, ಮೈಗೆ ಗಂಜಿ ಹಾಕಿದ ಫ್ರಾಕು; ಒಂದು ಕೈ ಕುರ್ಚಿಯ ಬೆನ್ನ ಮೇಲಿತ್ತು, ಇನ್ನೊಂದು ಕೈ ಫೋಟೋ ತೆಗೆಯುವಾಗ ಅಲುಗಾಡಿ ಮಸುಕಾಗಿತ್ತು. ನೂರೈವತ್ತು ವರ್ಷಕ್ಕೂ ಹಿಂದೆ ಆಸ್ಟ್ರೇಲಿಯಾದಲ್ಲಿ ಕುರಿ ಮೇಯಿಸಲು ಬಂದು ನೆಲ ಹಿಡಿದ ಒಬ್ಬ ಬಿಳಿಯ, ಆ ನೆಲದ ಮೂಲದವರ ಬಿಡಾರದಿಂದ ಎತ್ತಿಕೊಂಡು ಹೋದ ಹುಡುಗಿ ಅವಳು. ಎತ್ತಿಕೊಂಡು ಹೋದವರು ಆನಿ ಎಂದು ಕರೆದರು. ಹೆತ್ತವರು ಏನೆಂದು ಕರೆಯುತ್ತಿದ್ದರೋ ಈಗ ಯಾರಿಗೂ ಗೊತ್ತಿಲ್ಲ. ಅಂಥವಳು ಅವನು ಕೆಲಸಕ್ಕೆಂದು ಬಂದ ಪರದೇಶದಲ್ಲಿ, ಸೆರಂಗೂನಿನ ಒಂದು ಫ್ಲ್ಯಾಟಿನಲ್ಲಿ, ಊರಿಗೆ ಹೋಗುವಾಗ ಮಾತ್ರ ಕೆಳಗಿಳಿಯುವ ಸೂಟ್‌ಕೇಸುಗಳ ಪಕ್ಕದಲ್ಲಿ ಒಂದು ರಾತ್ರಿ ಕಳೆದಿದ್ದಳು. ಇದು ಸರಿಯಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಹಲ್ಲುಜ್ಜುವುದು ತಪ್ಪುವುದಿಲ್ಲವಾದ್ದರಿಂದ ಎದ್ದು ಹಲ್ಲುಜ್ಜಿದ.

“ಅದೆಂತ ಮಾರಾಯ್ರೆ, ಮೇಲೆ ತಂದು ಇಟ್ಟದ್ದು?” ಎಂದಳು ಹೆಂಡತಿ ಪುಷ್ಪಾವತಿ, ದೋಸೆ ಮಗುಚುತ್ತ.

“ಆಫೀಸಿಂದು. ಮುಟ್ಟಬೇಡ.”

“ನನಗೆಂತಕ್ಕೆ ನಿಮ್ಮ ಆಫೀಸು? ಧೂಳು ಬೀಳ್ತದೆ ಅಂತ ಹೇಳಿದ್ದು.”

ಮುಟ್ಟಬೇಡ ಎಂದು ಹೇಳಬಾರದಿತ್ತು ಎಂದು ಅವನಿಗೆ ಲಿಫ್ಟಿನಲ್ಲಿ ಹೊಳೆಯಿತು. ಇಷ್ಟು ವರ್ಷ ಸಂಸಾರ ಮಾಡಿಯೂ ಅಷ್ಟು ಬುದ್ಧಿ ಬೇಡವೇ ಮನುಷ್ಯನಿಗೆ? ಕೊಳವೆಯನ್ನು ಜೊತೆಗೇ ಒಯ್ಯಬಹುದಿತ್ತು. ಒಯ್ದು? ಒಯ್ದು ಏನು ಹೇಳುವುದು? ಸರ್ಕಲ್ ಲೈನಿನ ರೈಲಿನಲ್ಲಿ ಕೂರಲು ಜಾಗವಿತ್ತು, ಆದರೂ ನಿಂತ. ಕೂತರೆ ಯೋಚನೆ ಬರುತ್ತದೆ ಎಂದು ನಿಂತರೆ, ನಿಂತಲ್ಲಿಗೇ ಬಂತು. ಉಬಿ ಎಂಬಲ್ಲಿ ಅವನು ಕೆಲಸ ಮಾಡುವ ಕಂಪನಿ ಮ್ಯೂಸಿಯಂಗಳಿಗೆ ಬೇಕಾದ ಗಾಜಿನ ಪೆಟ್ಟಿಗೆ, ಗೋಡೆ ಫಲಕ, ದೊಡ್ಡ ಪ್ರಿಂಟುಗಳನ್ನು ಮಾಡಿಕೊಡುವಂಥದ್ದು. ಮೇಲಿನ ಮಹಡಿಗಳಲ್ಲಿ ಕಾರಿನ ವರ್ಕ್‌ಶಾಪು, ಕೆಳಗೆ ಇವರದ್ದು. ಆಸ್ಟ್ರೇಲಿಯಾದ ಒಂದು ಸಣ್ಣ ಊರಿನ ಮ್ಯೂಸಿಯಮ್ಮಿನಿಂದ ಬಂದ ಆರ್ಡರು ಅವನ ಕೈಯಡಿಯಲ್ಲೇ ಇತ್ತು. ಫಲಕಗಳ ಮೇಲಿನ ಬರಹವನ್ನು ಕಾಗುಣಿತಕ್ಕೆಂದು ಓದಿ ಓದಿ ಬಾಯಿಪಾಠವಾಗಿತ್ತು. ಒಂದರಲ್ಲಿ ಹುಡುಗಿಯ ತಾಯಿ ಆ ಬಿಳಿಯನ ಕುರಿಮನೆಯ ಬೇಲಿಯ ಹತ್ತಿರ ಬಂದು ನಿಂತದ್ದು. ಮನೆಯಾತ ಹೊರಗೆ ಬಂದು ಅಂಥ ಹುಡುಗಿ ಇಲ್ಲಿಲ್ಲ ಎಂದದ್ದು, ಹುಡುಗಿ ಕಿಟಕಿಯಲ್ಲೇ ಇದ್ದದ್ದು. ಅದರ ಮುಂದಿನದರಲ್ಲಿ ಸರ್ಕಾರ ಏನು ಮಾಡಿತು ಎಂಬುದು. ಸರ್ಕಾರ ಮೊದಲು ಒಂದು ಪ್ರಕಟಣೆ ಹೊರಡಿಸಿತು: ಮೂಲದವರ ಮಕ್ಕಳನ್ನು ಅಪಹರಿಸುವುದು ಅಪರಾಧ, ಹಿಡಿದರೆ ಶಿಕ್ಷೆ. ಹಿಡಿಯಲಿಲ್ಲ. ದೂರು ಬಂದಾಗ ಒಬ್ಬ ಮ್ಯಾಜಿಸ್ಟ್ರೇಟನನ್ನು ಕಳಿಸಿತು. ಅವನು ಕುದುರೆಯೇರಿ ಹೋಗಿ, ಚಹಾ ಕುಡಿದು ಬಂದು, ಹೊಟ್ಟೆ ತುಂಬ ಊಟ ಕೊಡುತ್ತಾರೆ, ಒಳ್ಳೆಯ ಬಟ್ಟೆಯಿದೆ, ಪ್ರಾರ್ಥನೆಯನ್ನೂ ಕಲಿತಿದ್ದಾಳೆ ಎಂದು ಬರೆದ. ಸರ್ಕಾರ ಇಂಥ ಪ್ರವೃತ್ತಿಯ ಬಗ್ಗೆ ತನ್ನ ಅಸಮಾಧಾನವನ್ನು ದಾಖಲಿಸಿ, ಈ ಪ್ರಕರಣದಲ್ಲಿ ಮಧ್ಯೆ ಬರಲು ಕಾರಣ ಕಾಣುವುದಿಲ್ಲ ಎಂದಿತು. ಕೊರಗಪ್ಪನಿಗೆ ಮೊದಲ ಸಲ ಓದಿದಾಗ ಆ ಭಾಷೆ ಇಷ್ಟವಾಗಿತ್ತು ಎಂಬುದು ಸುಳ್ಳಲ್ಲ. ಕ್ಲೈಂಟುಗಳಿಗೆ ಅವನು ಬರೆಯುವ ಇಮೇಲುಗಳೂ ಹೆಚ್ಚುಕಡಿಮೆ ಹಾಗೇ ಇರುತ್ತಿದ್ದವು. ಯಾರಿಗೂ ನೋವಾಗದ, ಯಾರನ್ನೂ ಹಿಡಿಯದ ಭಾಷೆ.

ಆ ಆರ್ಡರಿಗೆ ಒಂದು ಷರತ್ತಿತ್ತು. ಹುಡುಗಿಯ ಚಿತ್ರ ಒಂದೇ ಒಂದು ಸಲ ಅಚ್ಚಾಗಬೇಕು, ಫೈಲು ಅಳಿಸಬೇಕು, ಪರೀಕ್ಷೆಗೆ ತೆಗೆದ ಚೂರುಪಾರನ್ನೂ ವಾಪಸು ಕೊಡಬೇಕು. ಹಾಗೆಂದವಳು ಆ ಹುಡುಗಿಯ ಕುಲದ ಹಿರಿಯಳು, ಆಂಟಿ ರೂತ್. ಎತ್ತಿಕೊಂಡು ಹೋದ ದಿನ ಹುಲ್ಲಿನಲ್ಲಿ ಅಡಗಿ ಕೂತು ಉಳಿದುಕೊಂಡ ಹುಡುಗಿಯ ತಂಗಿಯೇ ಇವಳ ಅಜ್ಜಿಯ ಅಜ್ಜಿ. ಮ್ಯೂಸಿಯಮ್ಮಿನ ಇಮೇಲುಗಳಲ್ಲೂ ಅವಳು ಆಂಟಿಯೇ. “ಅಲ್ಲೂ ಆಂಟಿನಾ! ಪರ್ವಾಗಿಲ್ವೇ, ನಮ್ಮೋರೇ ಬಿಡಿ,” ಎಂದು ಕಂಪನಿಯ ಯಜಮಾನ ಪ್ರಕಾಶ ನಕ್ಕಿದ್ದ. ಆಂಟಿ ರೂತ್ ಬರೆದ ಒಂದು ಸಾಲು ಕೊರಗಪ್ಪನ ತಲೆಯಲ್ಲಿ ಮುಳ್ಳಿನ ಹಾಗೆ ನಿಂತಿತ್ತು: ಒಮ್ಮೆ ಅವಳನ್ನು ಹೇಳದೆ ಕೇಳದೆ ಒಯ್ದರು, ಇನ್ನು ಮೇಲೆ ಅವಳು ಎಲ್ಲಿದ್ದಾಳೆ ಎಂದು ನಮಗೆ ಪ್ರತಿ ಗಳಿಗೆಯೂ ಗೊತ್ತಿರಬೇಕು. ಆಂಟಿ ಈ ದಿನ ಮಧ್ಯಾಹ್ನ ಉಬಿಗೆ ಬರುವವಳಿದ್ದಳು, ಹುಡುಗಿಯನ್ನು ತಾನೇ ನೋಡಿ, ತಾನೇ ಕ್ರೇಟಿನಲ್ಲಿ ಮಲಗಿಸಿ ಕರೆದುಕೊಂಡು ಹೋಗಲು.

ನಿನ್ನೆ ಆಯುಧಪೂಜೆ. ಬೇರೆಲ್ಲ ಬಿಟ್ಟರೂ ಪ್ರಕಾಶ ಅದನ್ನು ಬಿಡುವವನಲ್ಲ. ರಸ್ತೆಯಲ್ಲಿ ಕುಂಬಳಕಾಯಿ ಒಡೆದರೆ ಈ ಊರಲ್ಲಿ ದಂಡ ಹಾಕುತ್ತಾರೆಂದು ಫೋರ್ಕ್‌ಲಿಫ್ಟಿನ ಚಕ್ರದಡಿ ನಿಂಬೆಹಣ್ಣು ಮಾತ್ರ. ಮಂತ್ರವೆಲ್ಲ ಮೊಬೈಲಿನಲ್ಲಿ. ಕುಂಕುಮದ ಬಟ್ಟಲನ್ನು ಕೊರಗಪ್ಪನ ಕೈಗೆ ಕೊಟ್ಟು, “ಶೆಟ್ರೇ, ನಿಮ್ಮ ಕೈಗುಣ ಚೆನ್ನಾಗಿದೆ, ಒಂದೂ ಬಿಡಬೇಡಿ,” ಎಂದಿದ್ದ. ಪ್ರಿಂಟರಿಗೆ ಇಟ್ಟ, ಕಟ್ಟರಿಗೆ ಇಟ್ಟ, ಡ್ರಿಲ್ಲುಗಳಿಗೆ, ಅಳತೆ ಪಟ್ಟಿಗೆ, ಕಂಪ್ಯೂಟರುಗಳಿಗೆ, ಗೋಡೆಗೆ ಒರಗಿಸಿದ್ದ ಕ್ರೇಟುಗಳಿಗೆ ಇಡುತ್ತ ಬಂದ. ಸಾಲಿನ ಕೊನೆಯಲ್ಲಿ ಅವಳು ನಿಂತಿದ್ದಳು, ಆಳೆತ್ತರ, ಬೋಳು ಹಣೆ. ಅವನ ಕೈ ನಿಂತಿತು; ನಿಂತದ್ದು ಖಂಡಿತ ಹೌದು, ಆ ಮೇಲೆ ಎಷ್ಟು ಸಲ ನೆನೆಸಿಕೊಂಡರೂ ಕೈ ನಿಂತದ್ದು ನೆನಪಿತ್ತು. ಬೇರೆ ಯಾರಾದರೂ ಆಗಿದ್ದರೆ ಮುಂದೆ ಹೋಗುತ್ತಿದ್ದರು. ಆದರೆ ಸ್ನಾನ ಮಾಡಿಸಿ, ತಲೆ ಬಾಚಿ, ಹೊಸ ಅಂಗಿ ತೊಡಿಸಿದ ಹೆಣ್ಣುಮಗುವನ್ನು ಹಬ್ಬದ ದಿನ ಬರಿ ಹಣೆಯಲ್ಲಿ ನಿಲ್ಲಿಸಿದವರನ್ನು ಅವನು ಹುಟ್ಟಿದ ಮೇಲೆ ನೋಡಿರಲಿಲ್ಲ. ಪಾಪ, ಯಾರೂ ಇಲ್ಲದ ಮಗು ಎಂದುಕೊಂಡ. ಉಂಗುರ ಬೆರಳಿನಿಂದ ಸಣ್ಣದಾಗಿ, ತನ್ನ ಮಗಳು ತೃಷಾ ಸಣ್ಣವಳಿದ್ದಾಗ ಇಡುತ್ತಿದ್ದಷ್ಟೇ ಸಣ್ಣದಾಗಿ ಇಟ್ಟ. ಆ ಕಾಗದ ಹತ್ತಿಯ ನಾರಿನದ್ದು, ಮೇಲೆ ಯಾವ ಲೇಪವೂ ಇರಲಿಲ್ಲ. ಕುಂಕುಮ ಚರ್ಮಕ್ಕೆ ಹತ್ತಿದಂತೆ ಹತ್ತಿತು.

“ಏನ್ ಗುರುವೇ ಇದು! ತಲೆ ನೆಟ್ಟಗಿದ್ಯಾ?” ಎಂದಿದ್ದ ಪ್ರಕಾಶ. ಎಲ್ಲರೆದುರೇ ಅಂದ. ಪ್ರಿಂಟರಿನ ಹತ್ತಿರವಿದ್ದವರು ನೆಲ ನೋಡಿದರು. ಒಣ ಬಟ್ಟೆ, ರಬ್ಬರು, ಬ್ರೆಡ್ಡಿನ ತುಂಡು, ಏನು ತಿಕ್ಕಿದರೂ ಕೆಂಪು ಇನ್ನಷ್ಟು ಒಳಗೆ ಇಳಿಯಿತೇ ಹೊರತು ಹೋಗಲಿಲ್ಲ; ತಿಕ್ಕಿದಲ್ಲಿ ಹಣೆ ಕೆರೆದ ಹಾಗಾಯಿತು. ಆಮೇಲೆ ಪ್ರಕಾಶನೇ ತಣ್ಣಗಾಗಿ, ಭುಜದ ಮೇಲೆ ಕೈ ಹಾಕಿ ಮೂಲೆಗೆ ಕರೆದುಕೊಂಡು ಹೋದ. “ಟೆನ್ಷನ್ ತಗೋಬೇಡಿ ಶೆಟ್ರೇ. ಫೈಲ್ ಇನ್ನೂ ಡಿಲೀಟ್ ಆಗಿಲ್ಲ ತಾನೆ? ಇನ್ನೊಂದು ತೆಗೀರಿ. ಇದನ್ನ ಶ್ರೆಡ್ ಮಾಡಿ. ಆಂಟಿ ನೋಡೋದು ಒಂದೇ, ಇರೋದೂ ಒಂದೇ. ಕಾಂಟ್ರಾಕ್ಟ್ ಫುಲ್‌ಫಿಲ್ ಆಯ್ತಲ್ಲ? ನಾವೇನು ಕದೀತಾ ಇದ್ದೀವಾ?” ಕೊರಗಪ್ಪ ಇನ್ನೊಂದನ್ನು ತೆಗೆದ. ಅದು ಹೊರಬರುತ್ತಿದ್ದ ಹಾಗೆ ಬೂಟು ಮೊದಲು, ಆಮೇಲೆ ಫ್ರಾಕು, ಕೊನೆಗೆ ಮುಖ. ಹಳೆಯದನ್ನು ಹಿಡಿದುಕೊಂಡು ಶ್ರೆಡ್ಡರಿನ ಮುಂದೆ ನಿಂತ. ಹಣೆಗೆ ಬೊಟ್ಟಿಟ್ಟ ಮಗುವನ್ನು ಹಲ್ಲಿನ ಯಂತ್ರಕ್ಕೆ ಕೊಡುವುದು ಹೇಗೆ? ನಮ್ಮ ಕಡೆ ದೇವರ ಕ್ಯಾಲೆಂಡರನ್ನೇ ಯಾರೂ ಹರಿಯುವುದಿಲ್ಲ. ಸುರುಳಿ ಸುತ್ತಿ ಕೊಳವೆಗೆ ಹಾಕಿಕೊಂಡು, ಶ್ರೆಡ್ ಆಯಿತು ಎಂದು ಹೇಳಿ, ಮನೆಗೆ ತಂದ. ರೈಲಿನಲ್ಲಿ ಅದನ್ನು ಕಾಲಿನ ನಡುವೆ ನಿಲ್ಲಿಸಿಕೊಂಡು ಕೂತಿದ್ದಾಗ, ಶ್ರೆಡ್ಡರಿನ ಬಾಯಿಂದ ಒಂದು ಜೀವ ಉಳಿಸಿದೆನೆಂದು ಒಳಗೊಳಗೇ ಹಿಗ್ಗಿದ್ದನ್ನೂ ಹೇಳಿಬಿಡಬೇಕು. ಹಿಗ್ಗು ಮನೆ ಬಾಗಿಲ ತನಕ ಇತ್ತು.

ಆಂಟಿ ರೂತ್ ಹೇಳಿದ ಹೊತ್ತಿಗೇ ಬಂದಳು. ಗಿಡ್ಡ ಹೆಂಗಸು, ಬೆಳ್ಳಗಿನ ಕೂದಲು, ಕಾಲಿಗೆ ಓಡುವವರ ಬೂಟು, ಹೆಗಲಿಗೆ ಬಟ್ಟೆಯ ಚೀಲ. ಪ್ರಕಾಶ ಎಳನೀರು ತರಿಸಿಟ್ಟಿದ್ದ, ಅದನ್ನು ಕುಡಿಯದೆ, ಗಾಜಿನ ಪೆಟ್ಟಿಗೆಗಳ ಕಡೆ ತಿರುಗಿಯೂ ನೋಡದೆ, “ಅವಳೆಲ್ಲಿ?” ಎಂದಳು. ತೋರಿಸಿದರು. ಒಂದು ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಹುಡುಗಿಯ ಎದುರು ಕೂತು, ಸ್ವಲ್ಪ ಹೊತ್ತು ನಮ್ಮನ್ನು ಬಿಟ್ಟುಬಿಡಿ ಎಂದಳು. ಪ್ರಕಾಶ ಆಫೀಸಿಗೆ ಹೋದ. ಕೊರಗಪ್ಪ ಕಟ್ಟರ್ ಯಂತ್ರದ ಹಿಂದೆ, ಏನೋ ಅಳೆಯುವವನ ಹಾಗೆ, ನಿಂತ. ಆಂಟಿ ಸಣ್ಣ ದನಿಯಲ್ಲಿ ಮಾತಾಡತೊಡಗಿದಳು. ಅದು ಇಂಗ್ಲಿಷ್ ಅಲ್ಲ. ತಡವರಿಸುತ್ತ, ನಡುವೆ ನಿಲ್ಲುತ್ತ, ವಯಸ್ಸಾದ ಮೇಲೆ ಕಲಿತ ಭಾಷೆಯನ್ನು ಆಡಿದಂತೆ ಆಡುತ್ತಿದ್ದಳು. ಊರಿನ ಸುದ್ದಿ ಹೇಳುವ ಧಾಟಿ. ಯಾರು ಸತ್ತರು, ಯಾರಿಗೆ ಮಗುವಾಯಿತು, ಹೊಳೆಯಲ್ಲಿ ನೀರೆಷ್ಟಿದೆ ಎಂದೆಲ್ಲ ಹೇಳುತ್ತಿದ್ದಿರಬೇಕು. ಅವಳು ಮಾತಾಡುತ್ತಿದ್ದದ್ದು ಬೇರೆಯವಳ ಹತ್ತಿರ. ಅದನ್ನೆಲ್ಲ ಕೇಳಬೇಕಾದವಳು ಸೆರಂಗೂನಿನ ಅಲ್ಮೆರಾದ ಮೇಲಿದ್ದಳು.

ಊರಲ್ಲಿ ಅವನು ಸಣ್ಣವನಿದ್ದಾಗ, ದೂರದಿಂದಲೇ ನೋಡು ಎನ್ನುತ್ತಿದ್ದರು ಅಜ್ಜಿ. ಅಂಗಳದ ಬೇಲಿಯಾಚೆ ನಿಂತಿರುತ್ತಿದ್ದವಳು, ಊರವರು ಮುಟ್ಟಿಸಿಕೊಳ್ಳದ ಕೊರಗರ ಜಾತಿಯ ತುಕ್ರು. ಹುಟ್ಟಿದ ಮೂರು ಮಕ್ಕಳು ಉಳಿಯದೆ ಹೋದ ಮೇಲೆ ಇವನು ಹುಟ್ಟಿದಾಗ, ಕೂಸನ್ನು ಗೆರಸಿಯಲ್ಲಿ, ಅಂದರೆ ಮೊರದಲ್ಲಿ, ಇಟ್ಟು ಬೇಲಿಯ ಹೊರಗೆ ಅವಳಿಗೆ ಕೊಟ್ಟರು. ಅವಳು ತನ್ನ ಹಾಲು ಕುಡಿಸಿದಳು, ತನ್ನ ಜಾತಿಯ ಹೆಸರನ್ನೇ ಇಟ್ಟಳು, ಸೇರು ಅಕ್ಕಿ ತೆಗೆದುಕೊಂಡು ವಾಪಸು ಕೊಟ್ಟಳು. ಯಮ ಬಂದರೆ ಇದು ಶೆಟ್ಟರ ಮಗುವಲ್ಲ ಎಂದು ತಿಳಿದು ಮುಂದೆ ಹೋಗಲಿ ಎಂಬ ಉಪಾಯ. ಅವನ ಊರಲ್ಲಿ ಮಕ್ಕಳು ಉಳಿಯದ ಮನೆಯವರೆಲ್ಲ ಮಾಡುತ್ತಿದ್ದದ್ದೇ. ಯಮ ಮೋಸ ಹೋದ. ತುಕ್ರುವಿಗೆ ಮಾತ್ರ ಅದು ಮೋಸ ಎಂದು ಯಾರೂ ತಿಳಿಸಿ ಹೇಳಿರಲಿಲ್ಲವೋ ಏನೋ, ಪ್ರತಿ ದೀಪಾವಳಿಗೂ ಬಂದು ಬೇಲಿಯಾಚೆಯಿಂದ “ನನ್ನ ಮಗ ಎಲ್ಲಿ?” ಎಂದು ಕೂಗುತ್ತಿದ್ದಳು. ಮನೆಯವರು ನಗುತ್ತಿದ್ದರು. ಅವನನ್ನು ಜಗಲಿಯ ತುದಿಯಲ್ಲಿ ನಿಲ್ಲಿಸಿ ತೋರಿಸುತ್ತಿದ್ದರು. ಒಂದು ವರ್ಷ ಅಜ್ಜಿಗೆ ಕೈ ತುಂಬ ಕೆಲಸ. “ಅವನಿಲ್ಲ, ಸೋದರಮಾವನ ಮನೆಗೆ ಹೋಗಿದ್ದಾನೆ,” ಎಂದುಬಿಟ್ಟರು. ಅವನು ಒಳಗೆ ಕೂತು ಅವಲಕ್ಕಿ ತಿನ್ನುತ್ತಿದ್ದ. ಕೇಳಿಸಿತು. ತಿನ್ನುತ್ತಲೇ ಇದ್ದ. ತುಕ್ರು ಸ್ವಲ್ಪ ಹೊತ್ತು ನಿಂತು ಹೋದಳು. ಮರುವರ್ಷ ಬಂದಳೋ ಇಲ್ಲವೋ, ಎಷ್ಟು ತಡಕಾಡಿದರೂ ನೆನಪಾಗಲಿಲ್ಲ.

“ಮಿಸ್ಟರ್ ಶೆಟ್ಟಿ.” ಆಂಟಿ ಎದ್ದು ನಿಂತಿದ್ದಳು. ಕಣ್ಣು ಒದ್ದೆಯಾಗಿತ್ತು, ಮುಖ ಮಾತ್ರ ಹಗುರವಾಗಿತ್ತು. “ಚೆನ್ನಾಗಿ ಮಾಡಿದ್ದೀರಿ. ಅವಳ ಅಲುಗಾಡಿದ ಕೈ ಕೂಡ ಸರಿಯಾಗಿ ಬಂದಿದೆ. ಅದನ್ನು ಚೊಕ್ಕ ಮಾಡಲಿಲ್ಲವಲ್ಲ ನೀವು, ಅದು ನನಗೆ ಸಂತೋಷ.” ಆಮೇಲೆ, ಕೇಳಲೇಬೇಕಾದ್ದನ್ನು ಕೇಳುವವಳಂತೆ, “ಇವಳೊಬ್ಬಳೇ ತಾನೆ? ಬೇರೆ ಯಾವುದೂ ಇಲ್ಲವಲ್ಲ?” ಎಂದಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನಂತೆ. ಕೊರಗಪ್ಪ ತನ್ನ ಉಂಗುರ ಬೆರಳನ್ನು ನೋಡಿಕೊಂಡ. ತೊಳೆದಿದ್ದ, ಏನೂ ಇರಲಿಲ್ಲ. ಆಫೀಸಿನ ಬಾಗಿಲಲ್ಲಿ ಪ್ರಕಾಶ ಬಂದು ನಿಂತಿದ್ದ. ಹೇಳುವುದಾದರೆ ಇದೇ ಗಳಿಗೆ ಎಂದು ಗೊತ್ತಿತ್ತು. ಕೆಲಸ ಹೋಗಬಹುದು, ಹೋದರೆ ಈ ವಯಸ್ಸಿನಲ್ಲಿ, ಈ ಊರಲ್ಲಿ, ಕೆಲಸದ ಪಾಸು ಇರುವ ತನಕ ಮಾತ್ರ ಇರಬಹುದಾದ ಈ ಊರಲ್ಲಿ. ಇದೆಲ್ಲ ನಿಜವಾದ ಕಾರಣ, ಆದರೆ ಬಾಯಿ ತೆರೆದಾಗ ಅವನು ಇದ್ಯಾವುದನ್ನೂ ಯೋಚಿಸಿರಲಿಲ್ಲ. ಎದುರಿಗಿದ್ದವಳ ಮುಖ ಹಗುರವಾಗಿತ್ತು, ಅದನ್ನು ಕೆಡಿಸಲು ಮನಸ್ಸು ಬರಲಿಲ್ಲ. ಬರೀ ಮರ್ಯಾದೆಯಿಂದ ಹೇಳಿದ ಸುಳ್ಳು.

“ಒಬ್ಬಳೇ,” ಎಂದ.

“ಓನ್ಲಿ ಒನ್, ಆಂಟಿ. ಹಂಡ್ರೆಡ್ ಪರ್ಸೆಂಟ್,” ಎಂದ ಪ್ರಕಾಶ.

ಆಂಟಿ ಕೊರಗಪ್ಪನ ಎರಡೂ ಕೈ ಹಿಡಿದುಕೊಂಡು ಥ್ಯಾಂಕ್ಸ್ ಹೇಳಿದಳು. ಅವಳ ಕೈ ಬೆಚ್ಚಗಿತ್ತು, ಒರಟಾಗಿತ್ತು. ಕ್ರೇಟು ನಾಳೆ ಮಧ್ಯಾಹ್ನ ಮುಚ್ಚೋಣ, ತಾನು ಫ್ಯಾರರ್ ಪಾರ್ಕಿನ ಹೋಟೆಲಿನಲ್ಲಿರುತ್ತೇನೆ ಎಂದಳು. ಅವಳು ಹೋದ ಮೇಲೆ ಪ್ರಕಾಶ ಎಳನೀರನ್ನು ಇವನಿಗೆ ಕೊಟ್ಟು, “ಸಖತ್ತಾಗಿ ಹ್ಯಾಂಡಲ್ ಮಾಡಿದ್ರಿ ಶೆಟ್ರೇ,” ಎಂದ. ಕುಡಿದ. ಸಿಹಿಯಾಗಿಯೇ ಇತ್ತು, ಹಾಳಾದ್ದು.

ಸಂಜೆ ಮನೆ ಬಾಗಿಲು ತೆಗೆದಾಗ ಅವನು ಅಂದುಕೊಂಡದ್ದೇ ಆಗಿತ್ತು. ಹುಡುಗಿ ಹಾಲಿನ ಗೋಡೆಗೆ ಒರಗಿ ನಿಂತಿದ್ದಳು. ಸುರುಳಿಯಾಗದ ಹಾಗೆ ಮೇಲೆ ಎರಡು ಕಡೆ ಟೇಪು, ಕೆಳಗೆ ಎರಡು ಸ್ಟೀಲಿನ ಡಬ್ಬ. ಶಾಲೆಯ ಅಂಗಿಯಲ್ಲೇ ಸೋಫಾದ ಮೇಲೆ ಬಿದ್ದುಕೊಂಡಿದ್ದ ತೃಷಾ ತಲೆಯೆತ್ತಿ, “ಪಪ್ಪಾ, ಹೂ ಈಸ್ ಶೀ? ಸೋ ಸ್ಯಾಡ್ ಲಾ ಅವಳ ಫೇಸ್,” ಎಂದಳು.

“ಮುಟ್ಟಬೇಡ ಅಂತ ಹೇಳಿದ್ದೆ.”

“ಧೂಳು ತೆಗೆಯುವಾಗ ಬಿತ್ತು,” ಎಂದಳು ಪುಷ್ಪಾವತಿ, ಕಣ್ಣು ತಪ್ಪಿಸದೆ. “ಬಿದ್ದ ಮೇಲೆ ಎಂತ ಉಂಟು ಅಂತ ನೋಡ್ಬೇಕಲ್ಲ? ಪಾಪ ಮಾರಾಯ್ರೆ, ಯಾರ ಮಗು ಇದು? ಈ ಕಾಟು, ಒರಟು ಬೂಟು ಹಾಕಿ ನಿಲ್ಲಿಸಿದ್ದಾರೆ. ಬೊಟ್ಟು ಇಟ್ಟದ್ದಕ್ಕೆ ಒಂದು ಚೂರು ಕಳೆ ಬಂದಿದೆ. ಮಧ್ಯಾಹ್ನ ನಾನೊಬ್ಬಳೇ ಉಣ್ಣುವಾಗ ಇವಳು ನನ್ನನ್ನೇ ನೋಡ್ತಾ ಇದ್ದಳು, ಊಟ ಆಯ್ತಾ ಮಗಾ ಅಂತ ಕೇಳಿಯೂ ಬಿಟ್ಟೆ.” ನಾಚಿಕೊಂಡು ನಕ್ಕಳು. ಮಗಳು ದೊಡ್ಡವಳಾಗಿ ರೂಮಿನ ಬಾಗಿಲು ಹಾಕಿಕೊಳ್ಳಲು ಕಲಿತ ಮೇಲೆ ಪುಷ್ಪಾವತಿ ಫ್ಲ್ಯಾಟಿನ ಗಿಡಗಳ ಹತ್ತಿರವೂ ಹೀಗೆ ಮಾತಾಡುತ್ತಿದ್ದಳು. “ಆಫೀಸಲ್ಲಿ ಬಿಸಾಡುವುದಾದರೆ ಇಲ್ಲೇ ಇರಲಿ. ಫ್ರೇಮು ಹಾಕಿಸುವ. ನಾವು ಚಂದ ಮಾಡಿ ನೋಡಿಕೊಳ್ಳುವ.”

“ಮಾ, ನಾಟ್ ಅವರ್ಸ್ ಲಾ,” ಎಂದಳು ತೃಷಾ, ಫೋನಿನಿಂದ ತಲೆಯೆತ್ತದೆ.

ಕೊರಗಪ್ಪ ಬೂಟು ಕಳಚಲೆಂದು ಬಗ್ಗಿದವನು ಹಾಗೇ ಕೂತ. ನಾವು ಚಂದ ಮಾಡಿ ನೋಡಿಕೊಳ್ಳುವ. ಪುಷ್ಪಾವತಿ ಎಂದರೆ ಕಟುಕಳಲ್ಲ, ಒಂದು ಇರುವೆಯನ್ನೂ ನೋಡಿ ಕಾಲಿಡುವವಳು. ಕುರಿಮನೆಯ ಹೆಂಗಸೂ ಅಂಥವಳೇ ಇದ್ದಿರಬೇಕು. ಫ್ರಾಕಿಗೆ ಗಂಜಿ ಹಾಕಿ ಇಸ್ತ್ರಿ ಮಾಡಿದವಳು ಅವಳೇ ಅಲ್ಲವೇ? ತಲೆ ಬಾಚಿದವಳು, ಪ್ರಾರ್ಥನೆ ಕಲಿಸಿದವಳು. ಇಷ್ಟು ದಿನ ಫಲಕ ಓದುವಾಗೆಲ್ಲ ಅವನು ಆ ಮನೆಯಾತನನ್ನು ಚಾಟಿ ಹಿಡಿದ, ಕೆಂಪು ಮೂತಿಯ ರಾಕ್ಷಸ ಎಂದುಕೊಂಡು ನೆಮ್ಮದಿಯಾಗಿದ್ದ. ಅವನು ಸಂಜೆ ಕೆಲಸದಿಂದ ಬಂದು ಬೂಟು ಕಳಚಲು ಬಗ್ಗುವ, ಯಾರಿಗೂ ಕೆಟ್ಟದ್ದು ಬಯಸದ, ಕೇಳಿದರೆ ಮಾತ್ರ ಸುಳ್ಳು ಹೇಳುವ ಒಬ್ಬ ಸಾಧಾರಣ ಸಂಸಾರಸ್ಥ ಇದ್ದಿರಬಹುದು ಎಂದು ಈಗ ಕಂಡಿತು. ಹೆದರಿಕೆಯಾಯಿತು. ಎದ್ದು ಹೋಗಿ ಟೇಪು ಬಿಡಿಸತೊಡಗಿದ.

“ನಾನೆಂತ ತಪ್ಪು ಹೇಳಿದೆ ಈಗ?” ಎಂದಳು ಪುಷ್ಪಾವತಿ. ದನಿ ಸಣ್ಣದಾಗಿತ್ತು.

“ಇವಳ ಮನೆಯವರು ಬಂದಿದ್ದಾರೆ. ಹುಡುಕಿಕೊಂಡು.”

ಅವಳು ಒಂದು ಕ್ಷಣ ಅವನನ್ನೂ ಹುಡುಗಿಯನ್ನೂ ನೋಡಿದಳು. “ದೇವರೇ! ಮತ್ತೆ ನೀವು ಎಂತ ಮಾಡ್ತಾ ಕೂತದ್ದು? ಹೆತ್ತವರು ಬಂದಿದ್ದಾರೆ ಅಂತ ಗೊತ್ತಿದ್ದೂ ಇಲ್ಲಿ ತಂದು ಇಟ್ಟುಕೊಳ್ಳುದಾ? ಹೋಗಿ, ಮೊದಲು ಕೊಟ್ಟು ಬನ್ನಿ.” ಡಬ್ಬಗಳನ್ನು ತಾನೇ ತೆಗೆದಳು. ಸುರುಳಿ ಸುತ್ತುವಾಗ ಮುಖ ಮಡಚದ ಹಾಗೆ ಎರಡೂ ಅಂಗೈಯಲ್ಲಿ ಹಿಡಿದುಕೊಂಡಳು.

ಹೋಟೆಲಿನ ಕೆಳಗೆ ಆಂಟಿ ರೂತ್ ಚಪ್ಪಲಿಯಲ್ಲೇ ಇಳಿದು ಬಂದಳು. ರೈಲಿನಲ್ಲಿ ಅವನು ಹೇಳಬೇಕಾದ್ದನ್ನು ಜೋಡಿಸಿಕೊಂಡು ಬಂದಿದ್ದ. ವಿಷಾದ, ಅನಾನುಕೂಲ, ಉದ್ದೇಶಪೂರ್ವಕವಲ್ಲದ; ಒಂದೊಂದು ಪದವೂ ಆ ಫಲಕದಿಂದ ಎದ್ದು ಬಂದು ಬಾಯಲ್ಲಿ ಕೂತಿತ್ತು. ಆಂಟಿ ಕೊಳವೆಯನ್ನು ನೋಡಿದ ರೀತಿಗೆ ಅವೆಲ್ಲ ಉದುರಿ ಹೋದವು. ಅವಳು ಕೇಳಿದ್ದು ಇಷ್ಟೇ: “ಎಲ್ಲಿದ್ದಳು?”

“ನನ್ನ ಮನೆಯಲ್ಲಿ. ನಿನ್ನೆಯಿಂದ.”

“ನಾನು ಕೇಳಿದಾಗ?”

“ಆಗಲೂ ಮನೆಯಲ್ಲೇ ಇದ್ದಳು. ಸುಳ್ಳು ಹೇಳಿದೆ.”

ಬಿಸಿನೆಸ್ಸಿಗೆ ಬಂದವರು ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುವ ಉದ್ದದ ಮೇಜಿನ ಮೇಲೆ ಹುಡುಗಿಯನ್ನು ಬಿಡಿಸಿ ಮಲಗಿಸಿದರು. ಆಂಟಿ ಬಗ್ಗಿ ನೋಡಿದಳು. ಹಣೆಯ ಹತ್ತಿರ ಬೆರಳು ಒಯ್ದು, ಮುಟ್ಟದೆ ತಡೆದಳು. ಇದೇನು ಎಂದು ಕೇಳಿದಳು, ಯಾರಿಟ್ಟದ್ದು ಎಂದು ಕೇಳಿದಳು. ನಾನು ಎಂದ. ನಮ್ಮಲ್ಲಿ ಹೆಣ್ಣುಮಗುವಿನ ಹಣೆಯನ್ನು ಬರಿದಾಗಿ ಬಿಡುವುದಿಲ್ಲ, ಬಿಟ್ಟರೆ ದಿಕ್ಕಿಲ್ಲದವಳ ಹಾಗೆ ಕಾಣುತ್ತಾಳೆ, ನನಗೆ ಪಾಪ ಅನಿಸಿತು ಎಂದ. ಅವಳಿಗೆ ಅರ್ಥವಾಯಿತು ಎಂಬುದು ಅವಳ ಮುಖದಲ್ಲಿ ಕಂಡಿತು. ಅರ್ಥವಾಗದೆ ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. “ಅವಳಿಗೆ ದಿಕ್ಕಿತ್ತು,” ಎಂದಳು. “ತಾಯಿ ಇದ್ದಳು. ತಂಗಿ ಇದ್ದಳು. ಬೂಟು ತೊಡಿಸಿದವರಿಗೂ ಪಾಪ ಅನಿಸಿಯೇ ತೊಡಿಸಿದ್ದು.” ಪಕ್ಕದಲ್ಲಿ ಯಾರೋ ಕಾಫಿ ಯಂತ್ರದ ಗುಂಡಿ ಒತ್ತಿದರು. ಆಮೇಲೆ ಆಂಟಿ ಇನ್ನು ವಾದವಿಲ್ಲ ಎಂಬ ದನಿಯಲ್ಲಿ ಹೇಳಿದಳು: ನನ್ನ ಜೊತೆ ಬರುವವಳು ಇವಳೇ. ಹೀಗೆಯೇ ಬರಲಿ. ಇವಳಿಗೆ ಏನೇನು ಮಾಡಿದರು ಎಂಬ ಬರಹದಲ್ಲಿ ಇದೂ ಸೇರುತ್ತದೆ. ಮತ್ತೆ ಆ ಇನ್ನೊಂದು, ಮಧ್ಯಾಹ್ನ ನೀವು ನನ್ನನ್ನು ಯಾವುದರ ಎದುರಿಗೆ ಕೂರಿಸಿ ಮಾತಾಡಿಸಿದಿರೋ, ಅದನ್ನು ನಾಳೆ ನೀವೇ ಹರಿಯಬೇಕು. ಯಂತ್ರದಲ್ಲಲ್ಲ. ಕೈಯಲ್ಲಿ, ನನ್ನೆದುರು.

ಆಗಲಿ ಎಂದ. ಪ್ರಕಾಶನ ಮುಖ ನೆನಪಾಯಿತು, ನಾಳೆಯ ನಂತರದ ದಿನಗಳೂ ನೆನಪಾದವು, ಆದರೂ ಆಗಲಿ ಎಂದ.

ಅವಳು ಹುಡುಗಿಯನ್ನು ಸುತ್ತಿ ಎತ್ತಿಕೊಂಡು ಲಿಫ್ಟಿನ ಕಡೆ ಹೊರಟಳು. ಸಾಕು, ಅಷ್ಟಕ್ಕೆ ಬಿಡಬಹುದಿತ್ತು. ಆದರೆ ತನ್ನ ಮನೆಯಲ್ಲಿ ಹುಡುಗಿ ಕಳೆದ ಹೊತ್ತಿನಲ್ಲಿ ಒಂದಾದರೂ ಒಳ್ಳೆಯದು ನಡೆದಿತ್ತು ಎಂದು ಹೇಳದೆ ಅವಳನ್ನು ಕಳಿಸಲು ಅವನಿಂದಾಗಲಿಲ್ಲ. “ಆಂಟಿ,” ಎಂದು ಕರೆದ. “ನನ್ನ ಹೆಂಡತಿ ಅವಳನ್ನು ಊಟ ಆಯಿತೇ ಎಂದು ಕೇಳಿದಳು. ಮಗಳೇ ಎಂದು ಕರೆದು ಕೇಳಿದಳು.”

ಆಂಟಿ ರೂತ್ ತಿರುಗಿ ನಿಂತಳು. ಸಿಟ್ಟೇನೂ ಇರಲಿಲ್ಲ. “ಅವರೂ ಕೇಳುತ್ತಿದ್ದರು, ಮಿಸ್ಟರ್ ಶೆಟ್ಟಿ,” ಎಂದಳು. “ದಿನಾ ಕೇಳುತ್ತಿದ್ದರು.”

ಲಿಫ್ಟು ಮುಚ್ಚಿತು. ಹೊರಗೆ ಬಂದರೆ ಸೆಕೆ, ಟ್ಯಾಕ್ಸಿಗಳ ಸಾಲು, ಊಟಕ್ಕೆ ಹೊರಟ ಜನ. ಕಿಸೆಯಲ್ಲಿ ಫೋನು ಅದುರಿತು. ಪುಷ್ಪಾವತಿ.

“ಕೊಟ್ಟಿರಾ?”

“ಕೊಟ್ಟೆ.”

“ಖುಷಿಯಾಯ್ತಾ ಅವರಿಗೆ? ನಾನು ಊಟ ಆಯ್ತಾ ಅಂತ ಕೇಳಿದ್ದು ಹೇಳಿದಿರಾ?”

“ಹೇಳಿದೆ.”

“ಎಂತ ಹೇಳಿದರು?”

ತುಂಬ ಸಂತೋಷಪಟ್ಟರು, ನಿನಗೆ ಥ್ಯಾಂಕ್ಸ್ ಹೇಳಲು ಹೇಳಿದರು ಎನ್ನುವ ಮಾತು ನಾಲಿಗೆಯ ತುದಿಗೇ ಬಂದಿತ್ತು. ಯಾರಿಗೂ ನೋವಾಗುತ್ತಿರಲಿಲ್ಲ. ಅವನು ನಡೆಯುವುದನ್ನು ನಿಲ್ಲಿಸಿ ಗೋಡೆಗೆ ಒರಗಿಕೊಂಡ.

“ಅವಳನ್ನು ಎತ್ತಿಕೊಂಡು ಹೋದವರೂ ದಿನಾ ಹಾಗೇ ಕೇಳುತ್ತಿದ್ದರಂತೆ,” ಎಂದ.

ಆ ಕಡೆ ಕುಕ್ಕರು ಒಂದು ಸಲ ಕೂಗಿದ್ದು ಕೇಳಿಸಿತು. ಆಮೇಲೆ ಅವಳ ದನಿ ಬಂತು, ಅಳುವನ್ನು ತಡೆದ ದನಿ, ಸ್ವಲ್ಪ ಸಿಟ್ಟೂ ಇತ್ತು.

“ಮತ್ತೆ ನಾನು ಎಂತ ಕೇಳ್ಬೇಕಿತ್ತು ಆ ಮಗುವಿನ ಹತ್ತಿರ, ನೀವೇ ಹೇಳಿ?”

“ನಿನ್ನ ಮನೆ ಎಲ್ಲಿ ಅಂತ,” ಎಂದ ಕೊರಗಪ್ಪ.